ಭತ್ತದೊಳಗೆ ಕಾಲೆಳೆದ ದಿನಗಳು

ಆಗುವುದಿಲ್ಲ ಅಂದವನು ನಮ್ಮ ಅಮರೇಶ ಮಾವ. ಅವ್ವನ ತಮ್ಮ, ಸಿಂಧನೂರು ಲಿಂಗಸುಗೂರು ನಡುವೆ ಟೆಂಪೋ ಓಡಿಸುವವನು. ನಾನು ರಾಯಚೂರಿನ ಆಸ್ಪತ್ರೆಯಿಂದ ಗಾಲಿ ಕುರ್ಚಿಯಲ್ಲಿ ಮನೆಗೆ ಬಂದ ವಾರ, ಹೊಸ್ತಿಲಲ್ಲಿ ಕುಂತು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ಅಕ್ಕಾ, ಸಿಟ್ಟಿಗೇಳಬ್ಯಾಡ. ಬಸ್ಲಿಂಗಿ ಮೊದಲಿನಂಗ ನಡಿಯೂದೂ ಅಷ್ಟರಾಗ ಐತಿ, ಈ ರೋಡಿನ್ಯಾಗ ಗಾಡಿ ಸಾವಕಾಶ ಹೋಗೂದೂ ಅಷ್ಟರಾಗ ಐತಿ. ಎರಡಕ್ಕೂ ಕೈಮುಗದು ಸುಮ್ಮನಾಗು."

ನಾನು ಒಳಗೆ ಮಂಚದ ಮೇಲಿದ್ದೆ. ಕಾಲು ಕೆಲಸ ಬಿಟ್ಟಿದ್ದವು, ಕಿವಿ ಬಿಟ್ಟಿರಲಿಲ್ಲ.

ಮಾವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇಲ್ಲದ ಆಸೆ ಇಟ್ಟುಕೊಂಡು ಅಕ್ಕ ಸೊರಗಬಾರದು ಅನ್ನುವುದು ಅವನ ಕಾಳಜಿ. ಅವನ ಎರಡು ಮಾತೂ ಸುಳ್ಳಾದವು. ಹೇಗೆ ಸುಳ್ಳಾದವು ಅನ್ನುವುದನ್ನು ಬರೆಯಲು ಕೂತಿದ್ದೇನೆ. ಇದೇ ಕಾಯಿಲೆಯಲ್ಲಿ ಮಲಗಿ ಮೇಲಿನ ಫ್ಯಾನು ನೋಡುತ್ತಿರುವವರು ಯಾರಾದರೂ ಇದನ್ನು ಓದಿದರೆ, ಇಲ್ಲವೇ ಅವರ ತಲೆದಿಂಬಿನ ಪಕ್ಕ ಕೂತು ಯಾರಾದರೂ ಓದಿ ಹೇಳಿದರೆ, ನನಗೆ ಅಷ್ಟು ಸಾಕು.

ನಾನು ಬಸಲಿಂಗಮ್ಮ, ಬಿ.ಎ., ಬಿ.ಇಡಿ. ಹೆಸರಿನ ಜೊತೆ ಡಿಗ್ರಿ ಹೇಳುವುದು ದೊಡ್ಡಸ್ತಿಕೆ ಅಂತ ಅಂದುಕೊಳ್ಳುವವರು ಅಂದುಕೊಳ್ಳಲಿ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಡಿಗ್ರಿ ಅಂದರೆ ಜ್ವರಕ್ಕೆ ಮಾತ್ರ ಇತ್ತು. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ನಾನು ಹತ್ತನೇ ತರಗತಿಯಲ್ಲಿದ್ದಾಗ ತೀರಿಕೊಂಡ. ಅವ್ವ ನಾಟಿ ಹಚ್ಚುವ ಹೆಣ್ಣುಮಕ್ಕಳ ಜೊತೆ ಸಾಲಗುಂದ, ಗೊರೇಬಾಳದ ಗದ್ದೆಗಳಿಗೆ ಹೋಗಿ ನನ್ನನ್ನು ಓದಿಸಿದಳು. ನಾಟಿ ಬಂದರೆ ನಾನೂ ಕಾಲೇಜು ಬಿಟ್ಟು ಕೆಸರಿಗೆ ಇಳಿಯುತ್ತಿದ್ದೆ. ಹಾಗಾಗಿ ಡಿಗ್ರಿ ಬರುವುದು ತಡವಾಯಿತು. ಆದರೆ ಬಂತು. ಈಗ ಮಸ್ಕಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಸಿಂಧನೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನಮ್ಮ ಕಾಲೋನಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ ನಮ್ಮ ಬಾಗಿಲಿಗೇ ಬರುತ್ತಾರೆ.

ಆ ಮಳೆಗಾಲದ ಕೊನೆಗೆ ನನಗೆ ಭೇದಿ ಆಗಿ, ವಾಸಿಯಾಗಿತ್ತು. ಆಮೇಲೆ ಒಂದು ದಿನ ತರಗತಿಯಲ್ಲಿ ನಿಂತಿದ್ದಾಗ ಎರಡೂ ಅಂಗಾಲು ಜುಮ್ಮೆನ್ನತೊಡಗಿದವು, ಇರುವೆ ಹರಿದ ಹಾಗೆ. ಮರುದಿನ ಮಸ್ಕಿ ಬಸ್ ನಿಲ್ದಾಣದಲ್ಲಿ ಬಸ್ಸಿನ ಮೆಟ್ಟಿಲಿಗೆ ಕಾಲೆತ್ತಿದೆ, ಕಾಲು ಏಳಲಿಲ್ಲ. ಹಿಂದೆ ನಿಂತ ಹೆಂಗಸು, "ಏರ್ರೀ ಟೀಚರ್, ಬಸ್ಸೇನು ಬಗ್ಗಿ ನಿಮ್ಮನ್ನ ಎತಗೊಂತೈತೇನು?" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಂಡಕ್ಟರ್ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ. ಅದರ ಮರುದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ನಮ್ಮ ಕಡೆ ಕೈಕಾಲು ಬಿದ್ದರೆ ಅದಕ್ಕೆ ಒಂದೇ ಹೆಸರು, ಲಕ್ವಾ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದು, "ಸಣ್ಣ ವಯಸ್ಸಿಗೆ ಲಕ್ವಾ ಹೊಡದೈತಲ್ಲವ್ವಾ" ಅಂತ ಬಾಯಿಗೆ ಸೆರಗು ಹಚ್ಚಿದರು. ಒಬ್ಬರು ಪಾರಿವಾಳದ ರಕ್ತ ತಿಕ್ಕಿರಿ ಅಂದರು. ಇನ್ನೊಬ್ಬರು ಲಿಂಗಸುಗೂರಿನ ಆಚೆ ಒಂದು ಹಳ್ಳಿಯಲ್ಲಿ ಲಕ್ವಾಕ್ಕೆ ಔಷಧ ಹಾಕುತ್ತಾರೆ, ಬೇಗ ಹೋದರೆ ಬೇಗ ವಾಸಿ ಅಂದರು. ಮಾವ ಟೆಂಪೋದಲ್ಲಿ ಕೌದಿ ಹಾಸಿ ನನ್ನನ್ನು ಮಲಗಿಸಿಕೊಂಡು ಹೊರಟ. ಬಿ.ಎ., ಬಿ.ಇಡಿ. ಮಾಡಿದವಳು ಏನೂ ಅನ್ನದೆ ಹೋದೆ. ಹೆದರಿದಾಗ ಮನುಷ್ಯರು ಯಾರು ಮೊದಲು ಕೈ ಹಿಡಿದು ಎಳೆಯುತ್ತಾರೋ ಅವರ ಹಿಂದೆ ಹೋಗುತ್ತಾರೆ.

ದಾರಿಯಲ್ಲಿ ಅವ್ವ ನೀರು ಕುಡಿಸಿದಳು. ನೀರು ಗಂಟಲಿಗೆ ಇಳಿಯದೆ ಮೂಗಿನಿಂದ ಹೊರಗೆ ಬಂತು. ಕನ್ನಡಿಯಲ್ಲಿ ಅದನ್ನು ಕಂಡ ಮಾವ ಲಿಂಗಸುಗೂರಿನಲ್ಲಿ ಗಾಡಿಯನ್ನು ನೇರ ದವಾಖಾನೆಯ ಗೇಟಿಗೆ ತಿರುಗಿಸಿದ. "ಔಷಧ ಎಲ್ಲಿಗೆ ಓಡಿಹೋಗತೈತಿ? ಮೊದಲ ಇಲ್ಲಿ ತೋರಸೂನು" ಅಂದ. ಆ ತಿರುವಿಗೆ ನಾನು ಬದುಕಿರುವತನಕ ಋಣಿ.

ಅಲ್ಲಿದ್ದ ಲೇಡಿ ಡಾಕ್ಟರಿಗೆ ನನ್ನಷ್ಟೇ ವಯಸ್ಸು. ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದಕ್ಕೂ ತಟ್ಟಿದರು. "ಇದು ಲಕ್ವಾ ಅಲ್ಲಮ್ಮಾ" ಅಂದರು. ಅಷ್ಟು ಕೇಳಿದ್ದೇ ತಡ, ಅವ್ವ ಡಾಕ್ಟರಿಗೆ ಕೈಮುಗಿದು ಹೊರಗೆ ಓಡಿ ಎಲ್ಲರಿಗೂ ಫೋನ್ ಹಚ್ಚಿದಳು. "ಲಕ್ವಾ ಅಲ್ಲಂತ! ಏನಿಲ್ಲಂತ! ಪಾರಾದ್ವಿ!" ಅವಳು ಹಾಗೆ ಕೂಗುತ್ತಿರುವಾಗಲೇ ಒಳಗೆ ಡಾಕ್ಟರು ರಾಯಚೂರಿಗೆ ಆಂಬ್ಯುಲೆನ್ಸ್ ಹೊರಡಿಸುತ್ತಿದ್ದರು. ಸ್ಟ್ರೆಚರ್ ಹೊರಗೆ ಬಂದಾಗ ಅವ್ವನ ಕಿವಿಯಲ್ಲಿ ಇನ್ನೂ ಫೋನಿತ್ತು, ಆಕಡೆಯವರು ಸಂತೋಷಪಡುತ್ತಿದ್ದರು.

ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಕಾಯಿಲೆಗೆ ಹೆಸರು ಸಿಕ್ಕಿತು, ಗಿಲನ್ ಬಾರೆ. ಅವ್ವನಿಗೆ ಅದು "ಗುಲಬರ್ಗಾ" ಅಂತ ಕೇಳಿಸಿತು. ನೋಡಲು ಬಂದವರಿಗೆಲ್ಲ, "ಗುಲಬರ್ಗಾ ಬ್ಯಾನಿ ಅಂತ್ರಿ" ಅಂತ ಹೇಳಿದಳು. ಸಾಲಗುಂದದ ದೊಡ್ಡವ್ವ ಹಣೆ ಚಚ್ಚಿಕೊಂಡು, "ಅಲ್ಲವಾ, ಮಸ್ಕಿ ಬಿಟ್ಟು ಆಚಿಗೆ ಹೋದಾಕಿ ಅಲ್ಲ ಈಕಿ, ಗುಲಬರ್ಗಾದ್ದು ಹೆಂಗ ಹತ್ತೀತು?" ಅಂದಳು. ನನಗೆ ನಗು ಬಂತು. ಆದರೆ ಮುಖದ ನರಗಳೂ ಸೋತಿದ್ದವು, ನಗು ಮುಖದ ಮೇಲೆ ಬರಲಿಲ್ಲ. ಮಾವನಿಗೆ ಮಾತ್ರ ಡಾಕ್ಟರ್ ಹೇಳಿದ್ದು ಸರಿಯಾಗಿ ತಿಳಿದಿತ್ತು. "ಇಂಜಿನ್ ಚೊಲೊ ಐತಿ. ವೈರಿನ ಮ್ಯಾಲಿನ ಪ್ಲಾಸ್ಟಿಕ್ ಸುಲದೈತಿ. ಮತ್ತ ಬರತೈತಿ, ಟೈಮ್ ಹಿಡಿತೈತಿ" ಅಂದ. ನಾನು ಇವತ್ತಿಗೂ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಮನೆಗೆ ಬರುವ ಹೊತ್ತಿಗೂ ಕಾಲು ಬಾರದ್ದನ್ನು ಕಂಡು ಮಾವನಿಗೇ ಆ ನಂಬಿಕೆ ಉಳಿದಿರಲಿಲ್ಲ, ಅದು ಬೇರೆ.

ಆ ದಿನಗಳ ಹೆದರಿಕೆಯನ್ನು ಬರೆಯುವುದು ಕಷ್ಟ. ಕೈಗೆ ಹನಿ ಹನಿಯಾಗಿ ಬಾಟಲಿ ಏರುತ್ತಿತ್ತು. ಉಸಿರು ನಿಂತರೆ ಬೇಕಾಗುತ್ತದೆ ಅಂತ ಒಂದು ಯಂತ್ರವನ್ನು ಹಾಸಿಗೆಯ ಪಕ್ಕಕ್ಕೇ ತಂದು ನಿಲ್ಲಿಸಿದ್ದರು. ನಾನು ಅದರ ಕಡೆ ನೋಡುತ್ತಿದ್ದೆ, ಅದು ನನ್ನ ಕಡೆ ನೋಡುತ್ತಿತ್ತು. ಮೂಗಿನ ಮೇಲೆ ನೊಣ ಕೂತರೆ ಅದನ್ನು ಓಡಿಸಲು ನರ್ಸಮ್ಮ ಬರಬೇಕು. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ಅವರೇ ಒದ್ದೆ ಹತ್ತಿ ಇಡುತ್ತಿದ್ದರು. ಯಂತ್ರ ಹಚ್ಚುವ ಪ್ರಸಂಗ ಬರಲಿಲ್ಲ. ಒಂದು ಬೆಳಿಗ್ಗೆ ಅದನ್ನು ತಳ್ಳಿಕೊಂಡು ಹೋದರು. ಗಾಲಿಗಳ ಆ ಕಿರ್ರೆನ್ನುವ ಸದ್ದಿನಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ.

ಹೊರಗೆ ಅವ್ವ ಕಾರಿಡಾರಿನ ನೆಲದ ಮೇಲೆ ಇರುತ್ತಿದ್ದಳು. ಪಕ್ಕದಲ್ಲಿ ಹಟ್ಟಿಯಿಂದ ಬಂದ ಒಬ್ಬ ಹೆಣ್ಣುಮಗಳು, ಆಕೆಯ ಅತ್ತೆ ಒಳಗಿದ್ದರು. ಗಂಡ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಗಾರ. ಅವ್ವ ಉಣ್ಣದೆ ಕೂತಿದ್ದನ್ನು ನೋಡಿ ಆಕೆ ರೊಟ್ಟಿ ಬಿಚ್ಚಿ ಕೈಗಿಟ್ಟು, "ನಮ್ಮ ಮನಿಯವ್ರು ದಿನಾ ನೆಲದೊಳಗ ಇಳದು ಮ್ಯಾಲ ಬರತಾರ್ರೀ. ಪಾಳಿ ಮುಗಿಯೂತನ ನಾ ಹಿಂಗ ಕುಂದರತೀನಿ. ನಿಮ್ಮ ಮಗಳೂ ಈಗ ಒಳಗ ಇಳದಾಳ, ಬರತಾಳ. ನೀವು ಉಣ್ರಿ" ಅಂದರಂತೆ. ಅವರ ಹೆಸರನ್ನು ಅವ್ವ ಕೇಳಲೇ ಇಲ್ಲ. ಎಲ್ಲಿದ್ದರೂ ಅವರ ಮನೆ ತಣ್ಣಗಿರಲಿ.

ಮನೆಗೆ ಬಂದಾಗ ಉಸಿರು, ನುಂಗುವುದು, ಕಣ್ಣು ಎಲ್ಲ ಸರಿಯಾಗಿತ್ತು. ಕೈಬೆರಳು ಅರ್ಧ ಬಂದಿದ್ದವು. ಉಳಿದದ್ದು ಕಾಲು. ಸಿಂಧನೂರಿನಲ್ಲಿ ನನ್ನನ್ನು ನೋಡಿಕೊಳ್ಳಲು ಒಪ್ಪಿದ ಡಾಕ್ಟರು ವ್ಯಾಯಾಮ ಮಾಡಿಸಲು ತಮ್ಮ ಫಿಸಿಯೋಥೆರಪಿಸ್ಟ್ ಮಂಜುನಾಥನನ್ನು ಕಳಿಸಿದರು. ಅವನು ಹಿಡಿದು ನಿಲ್ಲಿಸಿದ, ವಾಕರ್ ಕೊಟ್ಟ, ಗೋಡೆಯಿಂದ ಗೋಡೆಗೆ ನಡೆಸಿದ. ಆಮೇಲೆ ಒಂದು ದಿನ, "ಅಕ್ಕಾರ, ಮನಿಯೊಳಗ ಇನ್ನ ಸಾಲಂಗಿಲ್ಲ. ತಿರಗಿ ತಿರಗಿ ನಿಲ್ಲೂದ ಆಗತೈತಿ. ನೆಟ್ಟಗ, ಉದ್ದಕ ನಡೀಬೇಕು. ಪಾದ ಜೋತ ಬಿದ್ದಾವು, ಹಿಮ್ಮಡಿ ನರ ಬಿಗಿಯಾಕತ್ತೈತಿ. ಈಗ ನಡದ್ರ ಬರತೈತಿ. ಈಗ ಬಿಟ್ರ ಹಂಗ ಕುಂದರತೈತಿ" ಅಂದ.

ಹಂಗ ಕುಂದರತೈತಿ. ಆ ಎರಡು ಪದ ನನ್ನ ಎದೆಯಲ್ಲಿ ಕೂತವು. ಕಾಲು ಬಾರದಿದ್ದರೆ ಮಸ್ಕಿಗೆ ಬಸ್ಸಿಲ್ಲ, ಶಾಲೆಯಿಲ್ಲ. ಶಾಲೆಯಿಲ್ಲದಿದ್ದರೆ ಅವ್ವ ಮತ್ತೆ ಕೆಸರಿಗೆ ಇಳಿಯಬೇಕು.

ನೆಟ್ಟಗೆ ಉದ್ದಕ್ಕೆ ನಡೆಯಲು ನಮಗಿರುವುದು ಮನೆ ಮುಂದಿನ ರಸ್ತೆ ಒಂದೇ. ಅದು ಮೊದಲು ಮಣ್ಣಿನ ದಾರಿ. ಸಿಮೆಂಟ್ ಹಾಕಿದ ದಿನ ನಾವೆಲ್ಲ ಕಾಯಿ ಒಡೆದಿದ್ದೆವು. ಸರ್ಕಲ್ಲಿನ ಗದ್ದಲ ತಪ್ಪಿಸಿ ಕುಷ್ಟಗಿ ರಸ್ತೆಯಿಂದ ಮಸ್ಕಿ ರಸ್ತೆಗೆ ಹೋಗಲು ಇದು ಒಳದಾರಿ ಅನ್ನುವುದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಗಿರಣಿಗೆ ಹೋಗುವ ಟ್ರ್ಯಾಕ್ಟರುಗಳು ಎರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಬಂದವು. ಟಿಪ್ಪರ್ ಬಂದವು. ಬೈಕಿನವರಂತೂ ಮನೆಗಳ ಬಾಗಿಲು ರಸ್ತೆಗೇ ತೆರೆಯುತ್ತವೆ ಅನ್ನುವುದನ್ನೇ ಮರೆತರು. ನಮ್ಮ ಟೆಂಪೋ ಮಾವನೂ ಅಲ್ಲೇ ಭರ್ರಂತ ಹೋಗುವವನೇ.

ಮೊದಲ ದಿನ ಅವ್ವ ನನ್ನ ರಟ್ಟೆ ಹಿಡಿದು ರಸ್ತೆಗೆ ಇಳಿಸಿದಳು. ಹಿಂದಿನಿಂದ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ನಿಮಗೆ ಪಕ್ಕಕ್ಕೆ ಸರಿಯುವುದು ಅಂದರೆ ಒಂದು ಹೆಜ್ಜೆ. ನನಗೆ ಆಗ ಅದು ಯೋಚನೆ ಮಾಡಿ ಮಾಡುವ ಕೆಲಸ. ವಾಕರ್ ಎತ್ತಬೇಕು, ತಿರುಗಿಸಬೇಕು, ಊರಬೇಕು, ಸೊಂಟದಿಂದ ಕಾಲು ಎಳೆಯಬೇಕು. ಕಾಲಿಗೆ ಹೇಳಿದೆ, ಕಾಲು ಕೇಳಲಿಲ್ಲ. ಅವ್ವ ನನ್ನನ್ನು ಅಪ್ಪಿಕೊಂಡು ಗಟಾರದ ಕಡೆ ಬಿದ್ದಳು. ಟ್ರೇಲರಿನ ಗಾಳಿ ನನ್ನ ಸೆರಗು ಎಳೆದುಕೊಂಡು ಹೋಯಿತು. ಡ್ರೈವರ್ ತಿರುಗಿ ನೋಡಿ, "ಮುದುಕಿ, ಆಕೀನ ಮನಿಯಾಗ ಕುಂದ್ರಸು!" ಅಂದ. ಆಮೇಲೆ ನಾನು ಹೊರಗೆ ಕಾಲಿಡಲಿಲ್ಲ. ಮಂಜುನಾಥ ಹಿಮ್ಮಡಿ ಒತ್ತಿ ನೋಡಿ ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದ.

ಅರ್ಜಿ ಬರೆದೆ. ಪೆನ್ನು ಹಿಡಿಯಲಾಗದೆ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆದೆ. ರಸ್ತೆಗೆ ಹಂಪ್ ಹಾಕಿಸಿ, ದೊಡ್ಡ ಗಾಡಿ ತಡೆಯಿರಿ, ಇಷ್ಟೇ. ಅವ್ವ ಅದನ್ನು ಪ್ರಿಂಟ್ ಮಾಡಿಸಿಕೊಂಡು ಹೋದಳು. ಕಚೇರಿಗಳ ಹೆಸರು ಬರೆಯುವುದಿಲ್ಲ, ಯಾಕೆಂದರೆ ಕೊನೆಗೆ ಕೆಲಸ ಮಾಡಿಕೊಟ್ಟವರೂ ಅವರೇ. ಒಂದು ಕಚೇರಿಯವರು, ಗಾಡಿ ಜೋರು ಹೋಗುವುದು ಇನ್ನೊಂದು ಕಚೇರಿಯ ವಿಷಯ ಅಂದರು. ಆ ಕಚೇರಿಯವರು, ರಸ್ತೆ ಈ ಕಚೇರಿಯದು ಅಂದರು. ಮತ್ತೆ ಹೋದಾಗ ಒಬ್ಬರು ಕೇಳಿದರಂತೆ, "ಅಲ್ಲಿ ಯಾರರ ಸತ್ತಾರೇನಮ್ಮಾ? ಆಕ್ಸಿಡೆಂಟ್ ಕೇಸ್ ಆಗಿದ್ರ ಅದರದೊಂದು ಕಾಪಿ ಹಚ್ಚು."

ಅವ್ವ ಅಂದಳಂತೆ: "ಇಲ್ರೀ ಸಾಹೇಬ್ರ. ಸಾಯೂದಕ್ಕಿಂತ ಮೊದಲ ಹೇಳಿ ಹೋಗೂನು ಅಂತ ಬಂದೀನಿ."

ಅಷ್ಟರಲ್ಲಿ ಕೊಯ್ಲು ಬಂತು. ಭತ್ತಕ್ಕೆ ನಾವು ನೆಲ್ಲು ಅನ್ನುತ್ತೇವೆ. ಮಷಿನ್ ಕೊಯ್ದ ನೆಲ್ಲು ಹಸಿ ಇರುತ್ತದೆ, ಒಣಗಿಸದಿದ್ದರೆ ಗಿರಣಿಯವರು ಮುಟ್ಟುವುದಿಲ್ಲ. ಕಣಗಳು ಪ್ಲಾಟ್ ಆಗಿ ಹೋದ ಮೇಲೆ ನಮ್ಮ ಕಡೆ ಎಲ್ಲರ ಕಣ್ಣೂ ಸಿಮೆಂಟ್ ರಸ್ತೆಯ ಮೇಲೆಯೇ. ಎದುರು ಮನೆಯ ಚಾಂದಬೀ ಖಾಲಾ, ಗೊರೇಬಾಳದಲ್ಲಿ ಲಾವಣಿಗೆ, ಅಂದರೆ ಗುತ್ತಿಗೆಗೆ, ಗದ್ದೆ ಮಾಡುವವರು, ಒಂದು ದಿನ ಎರಡು ಟ್ರೇಲರ್ ಹಸಿ ನೆಲ್ಲನ್ನು ರಸ್ತೆಯ ಅರ್ಧಕ್ಕೆ ಹರವಿ, ಅಂಚಿಗೆ ಕಲ್ಲು ಜೋಡಿಸಿದರು. ನಾನು ಕಿಟಕಿಯಲ್ಲಿ ಕೂತಿದ್ದೆ.

ಟ್ರ್ಯಾಕ್ಟರ್ ಬಂತು. ನಿಧಾನಿಸಿತು. ಅಂಚಿನ ಕಲ್ಲು ತಪ್ಪಿಸಿಕೊಂಡು ಹೋಯಿತು. ಬಾಣದ ಹಾಗೆ ಬರುವ ಬೈಕಿನವನೂ ಕಾಲು ಕೆಳಗೆ ಬಿಟ್ಟುಕೊಂಡು ಮೆಲ್ಲಗೆ ದಾಟಿದ. ನನ್ನನ್ನು ಕಂಡು ನಿಲ್ಲದವರು ನೆಲ್ಲನ್ನು ಕಂಡು ನಿಂತರು. ಅನ್ನದ ಮೇಲೆ ಗಾಡಿ ಹಾಯಿಸಲು ನಮ್ಮ ಕಡೆಯವರ ಕೈ ಬರುವುದಿಲ್ಲ. ನಾನು ಅವ್ವನನ್ನು ಕರೆದು ತೋರಿಸಿದೆ. ಅವ್ವ ಖಾಲಾನನ್ನು ಕರೆದಳು.

ಖಾಲಾ ಸೊಂಟದ ಮೇಲೆ ಕೈಯಿಟ್ಟು ರಸ್ತೆ ನೋಡಿದರು, ನನ್ನ ನೋಡಿದರು. "ಅರೆ ಬೇಟಿ, ಇಷ್ಟ ಏನು? ನಾಳಿ ನಿನ್ನ ಬಾಗಿಲತನ ಹರವತೀನಿ. ನೀ ಅದರೊಳಗ ನಡಿ."

"ನೆಲ್ಲು ತುಳದಂಗ ಆಗತೈತಿ ಖಾಲಾ. ನನಗ ಕಾಲು ಎತ್ತಾಕೂ ಬರಂಗಿಲ್ಲ, ಎಳೀತಾವು."

ಖಾಲಾ ಜೋರಾಗಿ ನಕ್ಕರು. "ಎತ್ತಬ್ಯಾಡ ಮಾ! ಎಳದು ನಡೀಬೇಕು. ನೆಲ್ಲು ಹೆಂಗ ತಿರವತಾರ ಮರತ್ಯಾ? ಡಿಗ್ರಿ ಓದಿ ಎಲ್ಲಾ ಮರತೀ ನೋಡು."

ಹೌದಲ್ಲ! ಒಣಹಾಕಿದ ನೆಲ್ಲನ್ನು ತಿರುವುವುದು ಕಾಲಿನಿಂದ. ಬರಿಗಾಲಲ್ಲಿ ಪಾದ ಎತ್ತದೆ ಎಳೆಯುತ್ತ ಹೋದರೆ ಹಿಂದೆ ಎರಡು ಸಾಲು ಬೀಳುತ್ತವೆ, ಕೆಳಗಿನ ಹಸಿ ಕಾಳು ಮೇಲೆ ಬರುತ್ತದೆ. ಚಿಕ್ಕವಳಿದ್ದಾಗ ಕೂಲಿಗೆ ನಾನೂ ಮಾಡಿದ ಕೆಲಸ. ಇಷ್ಟು ದಿನ ಯಾವುದನ್ನು ಜನರ ಮುಂದೆ ತೋರಿಸಲು ನಾಚುತ್ತಿದ್ದೆನೋ, ಆ ಜೋತುಬಿದ್ದ ಪಾದದ ನಡಿಗೆಯೇ ನೆಲ್ಲಿಗೆ ಬೇಕಾದ ನಡಿಗೆ.

ಮರುದಿನ ಬಿಸಿಲೇರಿದ ಮೇಲೆ ಒಂದು ಕಡೆ ವಾಕರ್, ಇನ್ನೊಂದು ಕಡೆ ಅವ್ವ, ನಾನು ನೆಲ್ಲಿಗೆ ಇಳಿದೆ. ಸರ್ರ್, ಸರ್ರ್ ಅಂತ ಸದ್ದು. ಬಿಸಿ ಕಾಳು ಬೆರಳ ಸಂದಿಗೆ ನುಗ್ಗುತ್ತಿತ್ತು. ನುಗ್ಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಪಾದಕ್ಕೆ ಗೊತ್ತಾಗುತ್ತಿರಲಿಲ್ಲ. ಮಂಜುನಾಥ ಬಂದು ನೋಡಿದ. "ಇದು ಪುಸ್ತಕದಾಗ ಇಲ್ಲ ಬಿಡ್ರಿ. ಆದ್ರ ಚೊಲೊ ಐತಿ" ಅಂದ. ಮನೆಗೆ ಹೋದ ಮೇಲೆ ಅಂಗಾಲಿಗೆ ಗಾಯ ಆಗಿದೆಯೇ ಅಂತ ದಿನಾ ನೋಡಬೇಕು, ಗೊತ್ತಾಗುವುದಿಲ್ಲವಲ್ಲ ಅಂತ ಅವ್ವನಿಗೆ ಹೇಳಿಹೋದ. ಆ ಕೆಲಸವನ್ನು ಅವ್ವ ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಮಾಡುತ್ತಿದ್ದಳು.

ಖಾಲಾನನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಆಚೆ ಮನೆಯವರು ತಮ್ಮ ತಮ್ಮ ನೆಲ್ಲು ತಂದು ಹರವಿದರು. ನನ್ನ ದಾರಿ ಉದ್ದವಾಗುತ್ತ ಹೋಯಿತು. ಹೆಣ್ಣುಮಕ್ಕಳು ಮನೆಯ ಮುಂದೆ ಕೂತು, "ಟೀಚರ್, ನಮ್ಮದೂ ಒಂದು ಸಾಲು ಹೊಡೀರಿ. ನಿಮ್ಮಷ್ಟು ನೆಟ್ಟಗ ಯಾರೂ ಹೊಡ್ಯಂಗಿಲ್ಲ" ಅಂತ ಚಾಷ್ಟಿ ಮಾಡುತ್ತಿದ್ದರು. ಒಂದು ಮಧ್ಯಾಹ್ನ ನಡೆಯುತ್ತಿದ್ದವಳು ಗಕ್ಕನೆ ನಿಂತೆ. ಅವ್ವ ಗಾಬರಿಯಾದಳು. "ಏನಾತು ಯವ್ವಾ?"

"ಚುಚ್ಚಿತು" ಅಂದೆ.

"ಎಲ್ಲಿ?"

"ಅಂಗಾಲಿಗೆ. ನೆಲ್ಲಿನ ಮುಳ್ಳು ಚುಚ್ಚಿತವ್ವಾ!"

ಇಬ್ಬರೂ ರಸ್ತೆಯ ಮಧ್ಯದಲ್ಲಿ ಅತ್ತೆವು. ಮುಳ್ಳು ಚುಚ್ಚಿದ್ದಕ್ಕೆ ಅಳುತ್ತಾರೆ, ಗೊತ್ತು. ನಾವು ಅತ್ತದ್ದು ಬೇರೆ.

ಇದರಲ್ಲಿ ತಪ್ಪೂ ಇತ್ತು, ಬಿಟ್ಟು ಬರೆಯಬಾರದು. ತಿರುವಿನಲ್ಲಿ ಹರವಿದ ನೆಲ್ಲಿನ ಮೇಲೆ ಒಬ್ಬ ಬೈಕಿನವನು ಜಾರಿ ಬಿದ್ದು ಮೊಣಕೈ ತರಚಿಕೊಂಡ. ಅವನ ಗೆಳೆಯರು ಅದನ್ನು ಮೊಬೈಲಿನಲ್ಲಿ ಊರೆಲ್ಲ ಕಳಿಸಿದರು. ರಸ್ತೆಯ ಮೇಲೆ ಕಾಳು ಹರವುವುದಕ್ಕೆ ನಿಷೇಧ ಇದೆ, ಅದು ಸರಿಯೂ ಹೌದು. ಮರುದಿನವೇ ಜೀಪು ಬಂತು. ಈ ಕಚೇರಿ, ಆ ಕಚೇರಿ, ಎರಡೂ ಕಚೇರಿಯವರು ಒಂದೇ ಜೀಪಿನಿಂದ ಇಳಿದರು.

"ಯಾರದಿದು? ತಗೀರಿ, ತಗೀರಿ! ರೋಡೇನು ನಿಮ್ಮ ಕಣಾ ಏನು?"

ಖಾಲಾ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಸಲಾಂ ಸಾಬ್. ಇಬ್ರೂ ಒಂದ ಜೀಪಿನ್ಯಾಗ! ಈಕಿ ಅವ್ವ ಅರ್ಜಿ ಹಿಡಕೊಂಡು ಅಡ್ಡಾಡಾಗ ನಿಮ್ಮದು ನಿಮ್ಮದು ಗುರುತ ಇರಲಿಲ್ಲಲ್ಲ?"

"ಏ ಅಮ್ಮಾ, ಮಾತು ಬಿಗಿ ಹಿಡಿ. ಕೇಸ್ ಹಾಕತೀವಿ."

ಆಗ ಹಿರಿಯ ಸಾಹೇಬರ ಕಣ್ಣು ನನ್ನ ಮೇಲೆ ಬಿತ್ತು. ನಾನು ನೆಲ್ಲಿನ ನಡುವೆ ವಾಕರ್ ಹಿಡಿದು ನಿಂತಿದ್ದೆ, ಹಿಂದೆ ಎರಡು ಉದ್ದ ಸಾಲು. "ಈಕಿ ಯಾರು? ಕಾಲಿಲ್ಲದಾಕೀನ ಕೂಲಿಗೆ ಹಚ್ಚೀರೇನು?"

ನನಗೆ ಸಿಟ್ಟು ಬಂತು. ಸಿಟ್ಟಿಗೆ ಮಾತು ತಂತಾನೇ ಬಂತು. "ಕಾಲು ಅದಾವ್ರಿ ಸರ್. ತಡವಾಗಿ ಬರಾಕತ್ತಾವು. ನಾನು ಬಸಲಿಂಗಮ್ಮ, ಬಿ.ಎ., ಬಿ.ಇಡಿ. ಹಂಪ್ ಬೇಕು ಅಂತ ಅರ್ಜಿ ಕೊಟ್ಟಾಕಿ ನಾನ. ನೆಲ್ಲು ತಗೀತೀವಿ, ನೀವು ಹೇಳೂದು ಸರಿ ಐತಿ. ಒಂದ ಮಾತು ನಡಸಿಕೊಡ್ರಿ. ತಗದ ಮ್ಯಾಲೆ ಒಂದು ಚಾ ಕುಡಿಯೂತನ ಇಲ್ಲೇ ಕುಂದರ್ರಿ."

ಅವರು ಏನು ಅಂದುಕೊಂಡರೋ, ಕೂತರು. ಹೆಣ್ಣುಮಕ್ಕಳೆಲ್ಲ ಬಾರಿಗೆ ಹಿಡಿದು ನೆಲ್ಲು ಗುಡಿಸಿ ಚೀಲಕ್ಕೆ ತುಂಬಿದರು. ಕಲ್ಲು ಎತ್ತಿಟ್ಟರು. ರಸ್ತೆ ಮತ್ತೆ ಅಗಲವಾಯಿತು. ಖಾಲಾ ಒಳಗಿನಿಂದ ಚಹಾ ತಂದರು. ಸಾಹೇಬರ ಚಹಾ ಅರ್ಧ ಆಗಿರಲಿಲ್ಲ, ಮೊದಲ ಬೈಕು ಹೋಯಿತು, ಅದರ ಹಿಂದೆ ಇನ್ನೆರಡು. ಆಮೇಲೆ ಟಿಪ್ಪರ್ ಬಂತು. ಜೀಪು ನಿಂತಿದೆ ಅಂತಲೂ ನೋಡಲಿಲ್ಲ. ಜಗಲಿಯ ಮೇಲೆ ಕೂತ ಸಾಹೇಬರ ಕಾಲು ತಾವಾಗಿ ಮೇಲೆ ಬಂದವು. ಧೂಳು ಇಳಿದ ಮೇಲೆ ಅವರು ಕಪ್ಪು ಕೆಳಗಿಟ್ಟು ಕೇಳಿದರು, "ದಿನಾ ಹಿಂಗೇನ್ರಿ?"

"ಇವತ್ತು ನೀವು ಬಂದೀರಂತ ಮರ್ಯಾದಿಲೆ ಹೋಗ್ಯಾನ್ರಿ" ಅಂದಳು ಅವ್ವ.

ಸಾಹೇಬರು ನಕ್ಕರು. ನಗುತ್ತಲೇ ಇನ್ನೊಂದು ಕಚೇರಿಯವರ ಕಡೆ ತಿರುಗಿ, "ರೋಡ್ ನಮ್ಮದು, ಗಾಡಿ ನಿಮ್ಮದು. ಅರ್ಧ ಅರ್ಧ ಮಾಡಕೊಂಡ ಬಿಡೂನು" ಅಂದರು. ಸಂಜೆಗೆ ಎರಡು ಬ್ಯಾರಿಕೇಡ್ ಬಂದವು, ಒಂದು ಆ ಬದಿ, ಒಂದು ಈ ಬದಿ. ಗಾಡಿಗಳು ಹಾವಿನ ಹಾಗೆ ಹೊರಳಿ ಹೋಗಬೇಕಾಯಿತು. ಹಂಪ್ ಬರಲು ಬೇಸಿಗೆ ಬಂತು, ಅಳತೆಗೆ ಬಂದರು, ಮತ್ತೆ ಅಳತೆಗೆ ಬಂದರು, ಆದರೆ ಹಂಪ್ ಬಂದವು. ಬಿಳಿ ಪಟ್ಟಿ ಬಳಿದರು. ದೊಡ್ಡ ಗಾಡಿಗಳಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಹಾಕಿ, ಕೊಯ್ಲಿನ ದಿನಗಳಲ್ಲಿ ಒಬ್ಬ ಪೇದೆಯನ್ನೂ ನಿಲ್ಲಿಸಿದರು. ಮಾವ ಮೊದಲ ವಾರ, "ನನ್ನ ಟೆಂಪೋದ ಸ್ಪ್ರಿಂಗ್ ಪಾಟಾ ಮುರಿತಾವು, ಅದಕ್ಕೂ ಒಂದು ಅರ್ಜಿ ಬರಿ" ಅಂತ ಗೊಣಗಿದ. ಈಗ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಸಾವಕಾಶ ಹೋಗುವ ಗಾಡಿ ಅವನದೇ.

ಆ ರಸ್ತೆಯಲ್ಲಿ ನಾನು ವಾಕರ್ ಬಿಟ್ಟು ಕೋಲು ಹಿಡಿದೆ, ಕೋಲು ಬಿಟ್ಟೆ. ಅವ್ವನ ಕೈ ಮಾತ್ರ ಬಿಡಲಿಲ್ಲ. ಬಿಡಲಿಲ್ಲ ಅಂದರೆ, ಅವಳು ಬಿಡಲಿಲ್ಲ. ಬಾಗಿಲಿಗೆ ಹೋದರೂ ರಟ್ಟೆ ಹಿಡಿಯುತ್ತಿದ್ದಳು, ಕೂತಲ್ಲಿಂದ ಎದ್ದರೂ ಹಿಡಿಯುತ್ತಿದ್ದಳು. ನನ್ನ ತೋಳಿನಲ್ಲಿ ಅವಳ ಹೆಬ್ಬೆರಳಿನ ಜಾಗ ಬೇರೆಯಾಗಿಯೇ ಇತ್ತು.

ಜೂನಿನಲ್ಲಿ ಶಾಲೆ ಸುರುವಾಗುವ ಮೊದಲು ಹೆಡ್ಮಾಸ್ತರು ಫೋನ್ ಮಾಡಿದರು. ನನ್ನ ಜಾಗ ಹಾಗೇ ಇಟ್ಟಿದ್ದರು. ಫಿಟ್ನೆಸ್ ಸರ್ಟಿಫಿಕೇಟ್ ತಂದರೆ ಸಾಕು ಅಂದರು. ಅವ್ವ, ನಾನು ಡಾಕ್ಟರಲ್ಲಿಗೆ ಹೋದೆವು. ಕಾಯುವ ಬೆಂಚಿನ ಪಕ್ಕ ಗಾಲಿ ಕುರ್ಚಿಯಲ್ಲಿ ಒಬ್ಬ ಅಜ್ಜ ಇದ್ದರು, ನನ್ನ ಕಾಲನ್ನೇ ನೋಡುತ್ತಿದ್ದರು. "ನನಗೂ ಹಿಂಗ ಇತ್ತರೀ" ಅಂದೆ. ಅವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು.

ಡಾಕ್ಟರು ಹಿಮ್ಮಡಿಯ ಮೇಲೆ ನಿಲ್ಲಿಸಿದರು. ತುದಿಗಾಲ ಮೇಲೆ ನಿಲ್ಲಿಸಿದರು. ಕಣ್ಣು ಮುಚ್ಚಿ ನಿಲ್ಲಿ ಅಂದರು. ಮುಚ್ಚಿದೆ. ಅವ್ವ ಹಿಂದೆ ಕೈ ಚಾಚಿಕೊಂಡು ನಿಂತಿದ್ದಾಳೆ ಅಂತ ನೋಡದೆಯೇ ನನಗೆ ಗೊತ್ತಿತ್ತು. "ಅಮ್ಮಾ, ನೀವು ಕುಂದರ್ರಿ, ನಿಮ್ಮ ಕೈ ಅಡ್ಡ ಬರತಾವು" ಅಂತ ಡಾಕ್ಟರು ನಕ್ಕರು. ಕಾರಿಡಾರಿನ ತುದಿಯವರೆಗೆ ನಡೆದು ಬಂದೆ. ಪಾದ ಇನ್ನೂ ಒಂದಿಷ್ಟು ಎಳೆಯುತ್ತದೆ. ಸಂಜೆ ಸೋತಾಗ ಜಾಸ್ತಿ. ಅದು ಹೀಗೇ ಇರಬಹುದು ಅಂದರು. ಇರಲಿ.

ಬರೆದು, ಸಹಿ ಮಾಡಿ, ಸೀಲ್ ಒತ್ತಿ, ಡಾಕ್ಟರು ಸರ್ಟಿಫಿಕೇಟನ್ನು ನನಗೆ ಕೊಡಲು ಹೋದರು. ಅವ್ವ ಎರಡೂ ಕೈ ಚಾಚಿದಳು. ಅವರು ಅವಳ ಕೈಗೇ ಕೊಟ್ಟರು. ಅವ್ವನಿಗೆ ಓದಲು ಬರುವುದಿಲ್ಲ. ಸೀಲಿನ ಮೇಲೆ ಬೆರಳಾಡಿಸಿ ಕೇಳಿದಳು, "ಇದರಾಗ, ಈಕಿ ಒಬ್ಬಾಕೀನ ಹೋಗಬಹುದು ಅಂತ ಬರದೀರೇನ್ರಿ?"

"ಬರದೀನಮ್ಮಾ. ಒಬ್ಬರ ಹೋಗಬಹುದು, ಒಬ್ಬರ ಬರಬಹುದು."

ಹೊರಗೆ ಬಂದೆವು. ಆಸ್ಪತ್ರೆಯ ಮುಂದೆ ದೊಡ್ಡ ರಸ್ತೆ, ಆಟೋಗಳು ಆಚೆ ಬದಿಗೆ ಬೇವಿನ ಗಿಡದ ಕೆಳಗೆ ನಿಂತಿದ್ದವು. ಅವ್ವ ನನ್ನ ರಟ್ಟೆ ಬಿಟ್ಟಳು. ಸರ್ಟಿಫಿಕೇಟನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ ಹೇಳಿದಳು:

"ನೀನ ರೋಡ್ ದಾಟಿ ಹೋಗಿ ಆಟೋ ಕರಕೊಂಡು ಬಾ ಯವ್ವಾ. ನಾ ನೋಡಂಗಿಲ್ಲ."